‘ಹೈ ಗ್ರೇಡ್ ಲಿಂಫೋಮಾ’ ಅಂತ ಬರೆದಿದ್ದಾರೆ, ಅದರಲ್ಲಿ ಯಾವ ಬಗೆ? ಗೊತ್ತಿದ್ದವರು ಹೇಳಿ

ಪ್ರಶ್ನೆ: ಅಪ್ಪನಿಗೆ 58, ಸಕ್ಕರೆ ಕಾಯಿಲೆ ಇದೆ. ಕತ್ತಿನ ಎಡಗಡೆ ಗೋಲಿಯಷ್ಟಿದ್ದ ಗಡ್ಡೆ ಒಂದೂವರೆ ತಿಂಗಳಲ್ಲಿ ನಿಂಬೆಹಣ್ಣಿನಷ್ಟಾಗಿದೆ. ನೋವಿಲ್ಲ. ಸೂಜಿ ಪರೀಕ್ಷೆಯಲ್ಲಿ ‘ಹೈ ಗ್ರೇಡ್ ನಾನ್ ಹಾಡ್ಜ್‌ಕಿನ್ ಲಿಂಫೋಮಾ’, ಅಂದರೆ ದುಗ್ಧಗ್ರಂಥಿಯ ಒಂದು ಕ್ಯಾನ್ಸರ್ ಅಂತ ಬಂದಿದೆ. ಇದರಲ್ಲಿ ಬಹಳ ಬಗೆ ಇವೆಯಂತೆ. ಎಲ್ಲಕ್ಕೂ ಒಂದೇ ಕೀಮೋನಾ? ಶುರುವಾಗೋ ಮುಂಚೆ ಏನೇನು ಕೇಳಿಕೊಳ್ಳಬೇಕು?

ಪೆಥಾಲಜಿ ಲ್ಯಾಬ್‌ನಿಂದ: ‘ಹೈ ಗ್ರೇಡ್’ ಅನ್ನೋದು ಕಾಯಿಲೆಯ ಹೆಸರಲ್ಲ, ಅದರ ವೇಗದ ಅಂದಾಜು ಅಷ್ಟೇ. ಸಣ್ಣ ಸೂಜಿಯಲ್ಲಿ ಬರೋದು ಬಿಡಿ ಜೀವಕೋಶಗಳು, ಗ್ರಂಥಿಯ ಒಳಗಿನ ವಿನ್ಯಾಸ ಅದರಲ್ಲಿ ಕಾಣಲ್ಲ. ಇಡೀ ಗ್ರಂಥಿಯನ್ನೇ ತೆಗೆಯುವ ಎಕ್ಸಿಶನ್ ಬಯಾಪ್ಸಿ ಮಾಡಿಸಿ. ಕತ್ತಿನ ಗಡ್ಡೆಗೆ ಇದು ಸಾಮಾನ್ಯವಾಗಿ ಸುಲಭ.

ತೆಗೆದ ಗ್ರಂಥಿಯನ್ನು ಲ್ಯಾಬ್‌ಗೆ ಹೊತ್ತು ತರೋದು ಎಷ್ಟೋ ಸಲ ಮನೆಯವರೇ, ಅಲ್ಲೇ ಕೆಡೋದು ಜಾಸ್ತಿ. ಅಗಲ ಬಾಯಿಯ ಡಬ್ಬ ಬೇಕು. ತುಂಡು ಕೆಡದಂತೆ ಇಡುವ ದ್ರವ, 10 ಪರ್ಸೆಂಟ್ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, ತುಂಡಿನ ಹತ್ತು ಪಟ್ಟು ಇರಬೇಕು. ದೊಡ್ಡ ಗ್ರಂಥಿಯನ್ನು ಸೀಳದೆ ಸಣ್ಣ ಬಾಟಲಿಗೆ ತುರುಕಿದರೆ ನಡುಭಾಗಕ್ಕೆ ಫಾರ್ಮಲಿನ್ ಇಳಿಯದೆ ಕೊಳೆಯುತ್ತೆ. ಆಮೇಲೆ ಬಣ್ಣ ಹಾಕಿದರೂ ಸರಿಯಾಗಿ ಹಿಡಿಯಲ್ಲ. ಡಬ್ಬದ ಮೇಲೆ ಹೆಸರು, ದಿನಾಂಕ, ತೆಗೆದ ಸಮಯ ಬರೆಸಿ.

ಮೊದಲ ರಿಪೋರ್ಟ್ ಬಂದ ಮೇಲೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಆಗುತ್ತೆ, ಎಲ್ಲರೂ ಐಎಚ್‌ಸಿ ಅಂತಾರೆ. ಜೀವಕೋಶದಲ್ಲಿ ಯಾವ ಪ್ರೋಟೀನ್ ಇದೆ ಅಂತ ಬಣ್ಣ ಹಾಕಿ ನೋಡೋದು ಅದು, ಬಗೆ ತಿಳಿಯೋದು ಅದರಲ್ಲಿ. ಸಿಡಿ20, ಬಿಸಿಎಲ್2 ಥರದ್ದೆಲ್ಲ ಆ ಪ್ರೋಟೀನ್‌ಗಳ ಹೆಸರು. ಸಿಡಿ20 ಪಾಸಿಟಿವ್ ಅಂದರೆ ಬಿ ಜೀವಕೋಶದ್ದು, ಸಿಡಿ3 ಪಾಸಿಟಿವ್ ಅಂದರೆ ಸಾಮಾನ್ಯವಾಗಿ ಟಿ ಜೀವಕೋಶದ್ದು (ಬಿ, ಟಿ ಎರಡೂ ಬಿಳಿ ರಕ್ತಕಣದ ಬಗೆ). ಕಿ-67 ಅನ್ನೋದು ನೂರರಲ್ಲಿ ಎಷ್ಟು ಜೀವಕೋಶ ವಿಭಜನೆಯ ಹಾದಿಯಲ್ಲಿವೆ ಅನ್ನೋ ಲೆಕ್ಕ. ಅದು 80 ಅಂತ ನೋಡಿ ಎದೆ ಒಡೆದುಕೊಳ್ಳಬೇಡಿ, ಕಾಯಿಲೆ ಮೈಯಲ್ಲಿ 80 ಪರ್ಸೆಂಟ್ ಹರಡಿದೆ ಅಂತ ಅರ್ಥ ಅಲ್ಲ.

ಈ ವಯಸ್ಸಿಗೆ ಹೆಚ್ಚಾಗಿ ಸಿಗೋದು ಡಿಫ್ಯೂಸ್ ಲಾರ್ಜ್ ಬಿ ಸೆಲ್, ಅಂದರೆ ಡಿಎಲ್‌ಬಿಸಿಎಲ್. ಬರ್ಕಿಟ್‌ನದು ಬೇರೆಯೇ ಗತಿ: ಕಿ-67 ನೂರರ ಹತ್ತಿರ, ಸಿಡಿ10 ಪಾಸಿಟಿವ್, ಬಿಸಿಎಲ್2 ಸಾಮಾನ್ಯವಾಗಿ ನೆಗೆಟಿವ್. ಗಡ್ಡೆ ಒಂದೆರಡು ದಿನದಲ್ಲೇ ಇಮ್ಮಡಿಯಾಗಬಲ್ಲದು. 1958ರಲ್ಲಿ ಡೆನಿಸ್ ಬರ್ಕಿಟ್ ಉಗಾಂಡಾದ ಮಕ್ಕಳ ದವಡೆಯಲ್ಲಿ ಗುರುತಿಸಿದ್ದು ಇದನ್ನೇ. ಇಲ್ಲಿ ದೊಡ್ಡವರಲ್ಲಿ ಹೊಟ್ಟೆಯಲ್ಲೂ ಸಿಗುತ್ತೆ. ಟಿಡಿಟಿ ಪಾಸಿಟಿವ್ ಆದರೆ ಲಿಂಫೋಬ್ಲಾಸ್ಟಿಕ್. ಅದು ಹೆಚ್ಚಾಗಿ ಹದಿಹರೆಯದ ಹುಡುಗರ ಎದೆಗೂಡಿನಲ್ಲಿ ಬರುತ್ತೆ, ಚಿಕಿತ್ಸೆ ಲ್ಯುಕೇಮಿಯಾದ ಥರ ಎರಡು ವರ್ಷದಾಚೆಗೂ ಹೋಗುತ್ತೆ. ಸೈಕ್ಲಿನ್ ಡಿ1 ಪಾಸಿಟಿವ್ ಆದರೆ ಮ್ಯಾಂಟಲ್ ಸೆಲ್ ಅಂತ ಯೋಚಿಸ್ತಾರೆ. ಅದರಲ್ಲಿ ಬ್ಲಾಸ್ಟಾಯ್ಡ್ ಅನ್ನೋದು ವೇಗದ್ದು.

ಇನ್ನೊಂದು ಮಾತು. ‘ಡಬಲ್ ಎಕ್ಸ್‌ಪ್ರೆಸರ್’ ಬೇರೆ, ‘ಡಬಲ್ ಹಿಟ್’ ಬೇರೆ. ಐಎಚ್‌ಸಿ ಬಣ್ಣದಲ್ಲಿ ಮಿಕ್ ಪ್ರೋಟೀನ್ 40, ಬಿಸಿಎಲ್2 50 ಪರ್ಸೆಂಟ್ ಜೀವಕೋಶ ಮುಟ್ಟಿದರೆ ಡಬಲ್ ಎಕ್ಸ್‌ಪ್ರೆಸರ್. ಮಿಕ್ ಮತ್ತು ಬಿಸಿಎಲ್2 ಜೀನ್‌ಗಳೇ ಮುರಿದು ಜಾಗ ಬದಲಿಸಿವೆ ಅಂತ ಫಿಶ್ ಪರೀಕ್ಷೆಯಲ್ಲಿ ಕಂಡರೆ ಡಬಲ್ ಹಿಟ್. ಫಿಶ್ ಮಾಡದೆ ಯಾರೂ ಡಬಲ್ ಹಿಟ್ ಅಂತ ಹೇಳೋಕಾಗಲ್ಲ. ಖರ್ಚು ಉಳಿಸೋಕೆ ಬಿಟ್ಟುಬಿಡೋದು ಈ ಪರೀಕ್ಷೆಯನ್ನೇ, ಅದು ತಪ್ಪು ಉಳಿತಾಯ.

ರಕ್ತ ಕ್ಯಾನ್ಸರ್ ವಾರ್ಡ್ ನರ್ಸ್: ಬಯಾಪ್ಸಿ ಆಗೋವರೆಗೆ ಸ್ಟೀರಾಯ್ಡ್ ಬೇಡ. ಊತ ಇಳೀಲಿ, ಹಸಿವಾಗಲಿ ಅಂತ ಹತ್ತಿರದ ಕ್ಲಿನಿಕ್‌ನಲ್ಲಿ ಡೆಕ್ಸಾ ಇಂಜೆಕ್ಷನ್ ಕೊಟ್ಟುಬಿಡ್ತಾರೆ. ನಾಲ್ಕು ದಿನದಲ್ಲಿ ಗಡ್ಡೆ ಕರಗಿದ ಹಾಗೆ ಕಾಣುತ್ತೆ, ಆಮೇಲೆ ತೆಗೆದ ತುಂಡಿನಲ್ಲಿ ಬರೀ ಸತ್ತ ಜೀವಕೋಶ. ಉಸಿರಾಟಕ್ಕೇ ಕುತ್ತು ಬಂದಿದ್ದರೆ ಮಾತು ಬೇರೆ, ಅದನ್ನು ಆಸ್ಪತ್ರೆಯವರು ನೋಡ್ತಾರೆ. ಕತ್ತಿನ ಗಂಟು ಅಂದ ತಕ್ಷಣ ಬಯಾಪ್ಸಿ ಇಲ್ಲದೆ ಟಿಬಿ ಮಾತ್ರೆ ಶುರು ಮಾಡೋದೂ ಇದೇ ಥರದ ತಪ್ಪು, ತಿಂಗಳುಗಟ್ಟಲೆ ಹೋಗುತ್ತೆ.

ಗಡ್ಡೆ ದೊಡ್ಡದಿದ್ದು ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಚ್ ಅನ್ನೋ ಕಿಣ್ವ ಜಾಸ್ತಿ ಇದ್ದರೆ, ಅದರಲ್ಲೂ ಬರ್ಕಿಟ್ ಆದರೆ, ಮೊದಲ ಕೀಮೋ ಬಿದ್ದ ಕೂಡಲೇ ಜೀವಕೋಶ ರಾಶಿ ರಾಶಿ ಒಡೆದು ಪೊಟ್ಯಾಸಿಯಮ್, ಫಾಸ್ಫೇಟ್, ಯೂರಿಕ್ ಆಸಿಡ್ ರಕ್ತಕ್ಕೆ ಸುರಿಯುತ್ತೆ. ಇದಕ್ಕೆ ಟ್ಯೂಮರ್ ಲೈಸಿಸ್ ಅಂತಾರೆ. ಅದಕ್ಕೇ ಮೊದಲೇ ಡ್ರಿಪ್, ಯೂರಿಕ್ ಆಸಿಡ್ ತಗ್ಗಿಸೋ ಅಲೋಪ್ಯೂರಿನಾಲ್. ಅಪಾಯ ಜಾಸ್ತಿ ಇದ್ದರೆ ಜಿ6ಪಿಡಿ ಅನ್ನೋ ಕಿಣ್ವದ ಪರೀಕ್ಷೆ ನೋಡಿ, ಅದೇ ಕೆಲಸಕ್ಕೆ ರಾಸ್‌ಬ್ಯುರಿಕೇಸ್. ಈ ದಿನಗಳಲ್ಲೇ ನೋಡೋಕೆ ಬಂದವರೆಲ್ಲ ಎಳನೀರು ಹಿಡಿದು ಬರ್ತಾರೆ! ಎಳನೀರಿನಲ್ಲಿ ಇರೋದೇ ಪೊಟ್ಯಾಸಿಯಮ್. ಅದು ರಕ್ತದಲ್ಲಿ ಏರಿದರೆ ಎದೆಬಡಿತ ತಪ್ಪುತ್ತೆ. ಮೊದಲ ವಾರ ಎಳನೀರು, ಮೂಸಂಬಿ ರಸ, ಬಾಳೆಹಣ್ಣು ಡಾಕ್ಟರನ್ನು ಕೇಳದೆ ಬೇಡ. ಮೂತ್ರ ಅಳೆದು ಬರೆದಿಡಿ. ಕಡಿಮೆಯಾದರೆ, ಬೆರಳು ಜುಮ್ಮೆಂದರೆ, ಸ್ನಾಯು ಸೆಳೆದರೆ ರಾತ್ರಿಯಾದರೂ ಸರಿ, ತಕ್ಷಣ ಹೇಳಿ.

ಕೀಮೋ ಫಾರ್ಮಸಿಯಿಂದ: ಎಲ್ಲಕ್ಕೂ ಒಂದೇ ಕೀಮೋ ಅಲ್ಲ. ಡಿಎಲ್‌ಬಿಸಿಎಲ್‌ಗೆ ಬಹುಕಾಲದಿಂದ ಬಳಕೆಯಲ್ಲಿರೋದು ಐದು ಔಷಧ ಸೇರಿಸಿ ಕೊಡುವ ಆರ್-ಚಾಪ್: 21 ದಿನಕ್ಕೊಂದು, ಸಾಮಾನ್ಯವಾಗಿ ಆರು ಸುತ್ತು. ಡಬಲ್ ಹಿಟ್‌ಗೆ ಅನೇಕರು ಡೋಸ್ ಅಡ್ಜಸ್ಟೆಡ್ ಆರ್-ಎಪಾಕ್ ಆರಿಸ್ತಾರೆ. ಅದರಲ್ಲಿ ಮೂರು ಔಷಧ 96 ಗಂಟೆ ಸತತ ಹನಿಯುತ್ತೆ. ಬರ್ಕಿಟ್‌ಗೆ ಬರೀ ಆರ್-ಚಾಪ್ ಸಾಲಲ್ಲ.

ಆರ್-ಚಾಪ್ ಲೆಕ್ಕ ಹೀಗೆ. 160 ಸೆಂ.ಮೀ. ಎತ್ತರ, 60 ಕೆಜಿ ತೂಕ ಇದ್ದರೆ ಮೈ ವಿಸ್ತೀರ್ಣ ಸುಮಾರು 1.63 ಚದರ ಮೀಟರ್. ರಿಟುಕ್ಸಿಮಾಬ್ ಚದರ ಮೀಟರ್‌ಗೆ 375 ಮಿ.ಗ್ರಾಂ. ಲೆಕ್ಕದಲ್ಲಿ ಸುಮಾರು 610, ಸೈಕ್ಲೊಫಾಸ್ಫಮೈಡ್ 750ರಂತೆ ಸುಮಾರು 1220, ಡಾಕ್ಸೊರುಬಿಸಿನ್ 50ರಂತೆ ಸುಮಾರು 80. ವಿಂಕ್ರಿಸ್ಟಿನ್ 1.4ರಂತೆ 2.28 ಬಂದರೂ 2 ಮಿ.ಗ್ರಾಂ.ಗೇ ನಿಲ್ಲಿಸ್ತಾರೆ. ಪ್ರೆಡ್ನಿಸೊಲೋನ್ ಹೆಚ್ಚಾಗಿ 100 ಮಿ.ಗ್ರಾಂ., ಐದು ದಿನ, ಬೆಳಿಗ್ಗೆ ತಿಂಡಿ ಆದ ಮೇಲೆ. ನಿಮ್ಮ ತಂದೆಯವರಿಗೆ ಆ ಐದು ದಿನ ಸಕ್ಕರೆ ಏರೋದು ಖಚಿತ, ಗ್ಲುಕೋಮೀಟರ್ ಮನೆಯಲ್ಲಿರಲಿ. ಡಾಕ್ಸೊರುಬಿಸಿನ್ ಹೃದಯಕ್ಕೆ ಭಾರ, ಅದಕ್ಕೇ ಮೊದಲೇ ಎಕೊ, ಅಂದರೆ ಹೃದಯದ ಸ್ಕ್ಯಾನ್. ಅದರ ಬಣ್ಣಕ್ಕೆ ಒಂದೆರಡು ದಿನ ಮೂತ್ರ ಕೆಂಪಾಗುತ್ತೆ, ರಕ್ತ ಅಲ್ಲ.

ಹುಳುಕಡ್ಡಿಗೆ ಅಂಗಡಿಯಿಂದ ತಂದ ಇಟ್ರಾಕೊನಜೋಲ್ ಮನೆಯಲ್ಲಿದ್ದರೆ ಮುಟ್ಟಬೇಡಿ. ಅದು ಜೊತೆ ಸೇರಿದರೆ ವಿಂಕ್ರಿಸ್ಟಿನ್ ದೇಹದಿಂದ ಹೊರಹೋಗದೆ ನಿಂತು, ಮಲಬದ್ಧತೆಯಿಂದ ಶುರುವಾಗಿ ಕರುಳು ಕಟ್ಟಿಕೊಳ್ಳೋವರೆಗೂ ಹೋಗಬಹುದು, ಕಾಲಿನ ನರಕ್ಕೂ ಪೆಟ್ಟು.

ನರ್ಸ್ ಮತ್ತೆ: ಸೇರಿಸೋದು ಮರೆತೆ. ಏಳರಿಂದ ಹದಿನಾಲ್ಕನೇ ದಿನದೊಳಗೆ ಬಿಳಿ ರಕ್ತಕಣ ತಳ ಮುಟ್ಟುತ್ತೆ. ಜ್ವರ ಒಂದೇ ಸಲ 101 ಕಂಡರೆ, ಇಲ್ಲ 100.4 ಒಂದು ಗಂಟೆ ನಿಂತರೆ, ಡೋಲೋ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಹೊರಡಿ.

ಇನ್ನೊಬ್ಬರು: ಟಿ ಜೀವಕೋಶದ ಬಗೆಗಳನ್ನು ಯಾರೂ ಹೇಳಲಿಲ್ಲ. ಅವಕ್ಕೆ ಸಾಮಾನ್ಯವಾಗಿ ರಿಟುಕ್ಸಿಮಾಬ್ ಕೊಡಲ್ಲ, ಅದು ಹಿಡಿಯೋದು ಸಿಡಿ20 ಇರುವ ಜೀವಕೋಶವನ್ನು. ಸಿಡಿ30, ಆಲ್ಕ್ ಎರಡೂ ಕೇಳಿಕೊಳ್ಳಿ. ಆಲ್ಕ್ ಪಾಸಿಟಿವ್ ಇರುವ ಅನಾಪ್ಲಾಸ್ಟಿಕ್ ಬಗೆ ಇದ್ದುದರಲ್ಲಿ ಒಳ್ಳೆಯದು. ಮೂಗಿನ ಒಂದೇ ಹೊಳ್ಳೆ ಕಟ್ಟಿ, ರಕ್ತ ಬಂದು, ಸೈನಸ್ ಔಷಧಕ್ಕೆ ಬಗ್ಗದಿದ್ದರೆ ಎನ್‌ಕೆ/ಟಿ ಬಗೆ ಇರಬಹುದು. ಅದಕ್ಕೆ ಆಸ್ಪರಾಜಿನೇಸ್ ಇರುವ ಕೀಮೋ, ರೇಡಿಯೇಶನ್.

ಪ್ರಶ್ನೆ ಕೇಳಿದವರು: ಐಎಚ್‌ಸಿ ಬಂತು. ಸಿಡಿ20 ಪಾಸಿಟಿವ್, ಸಿಡಿ10 ನೆಗೆಟಿವ್, ಬಿಸಿಎಲ್6 ಪಾಸಿಟಿವ್, ಮಮ್1 60 ಪರ್ಸೆಂಟ್, ಸೈಕ್ಲಿನ್ ಡಿ1 ಮತ್ತು ಟಿಡಿಟಿ ನೆಗೆಟಿವ್, ಕಿ-67 80. ಡಿಎಲ್‌ಬಿಸಿಎಲ್ ಅಂತ ಬರೆದಿದ್ದಾರೆ, ಕೆಳಗೆ ‘ನಾನ್-ಜಿಸಿಬಿ’. ಹಾಗಂದ್ರೆ?

ಪೆಥಾಲಜಿ ಲ್ಯಾಬ್‌ನಿಂದ: 2004ರ ಹಾನ್ಸ್ ಲೆಕ್ಕ ಅದು, ಮೂರು ಮೆಟ್ಟಿಲು. ಸಿಡಿ10 ಶೇ. 30 ಮುಟ್ಟಿದ್ದರೆ ಅಲ್ಲೇ ಜಿಸಿಬಿ, ಅಂದರೆ ಜರ್ಮಿನಲ್ ಸೆಂಟರ್ ಬಿ ಸೆಲ್ ಬಗೆ. ಇಲ್ಲದಿದ್ದರೆ ಬಿಸಿಎಲ್6 ನೋಡಬೇಕು, ಅದೂ ನೆಗೆಟಿವ್ ಆದರೆ ನಾನ್-ಜಿಸಿಬಿ. ಪಾಸಿಟಿವ್ ಆದರೆ ತೀರ್ಮಾನ ಮಮ್1ದು, ನಿಮ್ಮಲ್ಲಿ ಅದು 30 ದಾಟಿದೆ. ಅಂದರೆ ಗ್ರಂಥಿಯ ಜರ್ಮಿನಲ್ ಸೆಂಟರ್ ಹಂತ ದಾಟಿದ ಜೀವಕೋಶದಿಂದ ಹುಟ್ಟಿದ್ದು. ಇದೊಂದರಿಂದ ಚಿಕಿತ್ಸೆ ತಲೆಕೆಳಗಾಗಲ್ಲ. ಮಿಕ್, ಬಿಸಿಎಲ್2 ಫಿಶ್ ಆಗಿದೆಯಾ ಕೇಳಿ. ಕಿದ್ವಾಯಿಗೋ ಬೇರೆಡೆಗೋ ಎರಡನೇ ಅಭಿಪ್ರಾಯಕ್ಕೆ ಹೋಗೋದಾದರೆ ಸ್ಲೈಡ್ ಜೊತೆ ತುಂಡನ್ನು ಕೂರಿಸಿದ ಮೇಣದ ಬ್ಲಾಕ್ ಕೂಡ ಪಡೆದುಕೊಳ್ಳಿ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಮೆತ್ತಗಾಗುತ್ತೆ.

ಕೀಮೋ ಫಾರ್ಮಸಿಯಿಂದ: ಹೆಪಟೈಟಿಸ್ ಬಿ ಪರೀಕ್ಷೆ ಯಾವ ಯಾವುದು ಆಗಿದೆ ನೋಡಿ. ಈಗಿರೋ ಸೋಂಕು ತೋರಿಸುವ ಎಚ್‌ಬಿಎಸ್‌ಎಜಿ ಒಂದೇ ಸಾಲಲ್ಲ, ಹಳೇ ಸೋಂಕಿನ ಗುರುತು ಹಿಡಿಯುವ ಆಂಟಿ-ಎಚ್‌ಬಿಸಿ ಟೋಟಲ್ ಕೂಡ ಬೇಕು. ಹಳೇ ಸೋಂಕು ಅಡಗಿದ್ದರೆ ರಿಟುಕ್ಸಿಮಾಬ್ ಅದನ್ನು ಎಬ್ಬಿಸುತ್ತೆ. ಪಾಸಿಟಿವ್ ಬಂದರೆ ಕೀಮೋ ಬೇಡ ಅಂತಲ್ಲ, ಜೊತೆಗೆ ಎಂಟೆಕಾವಿರ್ ಅಥವಾ ಟೆನೊಫೋವಿರ್ ಮಾತ್ರೆ ಶುರು ಮಾಡ್ತಾರೆ. ರಿಟುಕ್ಸಿಮಾಬ್ ನಿಂತ ಮೇಲೂ ವರ್ಷದ ಮೇಲೆ ನುಂಗಬೇಕಾಗುತ್ತೆ, ಮಧ್ಯೆ ಬಿಡಬಾರದು.