ಓಮ್ನಿ ಸ್ಟಾರ್ಟರ್‌ನ ಮೇಲಿನ ಬೋಲ್ಟ್ ಕೈಗೆ ಸಿಗುತ್ತಿಲ್ಲ, ಹೇಗೆ ಬಿಚ್ಚಬೇಕು?

ಬೆಟಗೇರಿ ಓಮ್ನಿ:
ಎಲ್ಲರಿಗೂ ನಮಸ್ಕಾರ. ನನ್ನದು 2008ರ ಮಾರುತಿ ಓಮ್ನಿ, ಬೆಟಗೇರಿಯಿಂದ ಸೀರೆ ಗಂಟು ಹೇರುವ ಗಾಡಿ. ಕೀ ತಿರುಗಿಸಿದರೆ ಟಕ್ ಅಂತ ಒಂದೇ ಸದ್ದು, ಎಂಜಿನ್ ಅಲ್ಲಾಡುವುದಿಲ್ಲ. ಬ್ಯಾಟರಿ ಹೊಸದು, ಟರ್ಮಿನಲ್ ಉಜ್ಜಿ ನೋಡಿದ್ದಾಯ್ತು. ದೂಡಿದರೆ ಚಾಲು ಆಗುತ್ತದೆ. ಅದಕ್ಕೇ ಸ್ಟಾರ್ಟರ್ (ಎಂಜಿನ್ ತಿರುಗಿಸಿ ಚಾಲು ಮಾಡುವ ಮೋಟಾರ್) ಬಿಚ್ಚಿ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯೋಣ ಅಂತ.

ಕೆಳಗಿನ ಬೋಲ್ಟ್ ಸುಮ್ನೆ ಬಂತು. ಮೇಲಿನದೇ ತಲೆನೋವು. ಸೀಟು ಎತ್ತಿ ಮೇಲಿಂದ ನೋಡಿದರೆ ಕಾಣುತ್ತದೆ, ಕೈ ಹೋಗಲ್ಲ. ಕೆಳಗೆ ಮಲಗಿದರೆ ಕೈ ಹೋಗುತ್ತದೆ, ಕಣ್ಣಿಗೆ ಕಾಣಲ್ಲ. 14 ಎಂಎಂ ರಿಂಗ್ ಪಾನಾ ಕೂರುತ್ತದೆ, ಆದರೆ ಎಳೆಯೋಕೆ ಜಾಗವೇ ಇಲ್ಲ. ಸಾಲದ್ದಕ್ಕೆ ನಮ್ಮ ಎರೆಮಣ್ಣು ಸುತ್ತಲೂ ಸಿಮೆಂಟಿನಂತೆ ಕೂತಿದೆ. ಹೊಡೆದು ಬಡಿದು ತಲೆ ಸವೆಸೋದು ಬೇಡ ಅಂತ ಅಲ್ಲಿಗೇ ನಿಲ್ಲಿಸಿದ್ದೇನೆ. ಯಾರಾದರೂ ಮನೆಯಲ್ಲೇ ಬಿಚ್ಚಿದ್ದೀರಾ?

ತಾರಿಹಾಳ ಫಿಟ್ಟರ್:
ನಿಲ್ಲಿಸಿದ್ದು ಒಳ್ಳೆಯದಾಯ್ತು ಬಿಡ್ರಿ. ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆದಿದ್ದೀರಾ? ಸ್ಟಾರ್ಟರ್‌ಗೆ ಬರುವ ದಪ್ಪ ಕೇಬಲ್‌ನಲ್ಲಿ ಕೀ ಬಂದ್ ಇದ್ದರೂ ಕರೆಂಟ್ ಇರುತ್ತದೆ. ಪಾನಾ ಅದಕ್ಕೂ ಬಾಡಿಗೂ ತಾಗಿದರೆ ಕೆಂಪಗೆ ಕಾಯುತ್ತದೆ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಲೂಬೇಡಿ, ಸ್ಟ್ಯಾಂಡ್ ಕೊಡಿ.

ಈಗ ಬೋಲ್ಟ್ ಮಾತು. ಮಣ್ಣು ಪೂರ್ತಿ ತೆಗೆಯಿರಿ. ನೀರು ಹಾಕಿ ನೆನೆಸಿ, ವೈರ್ ಬ್ರಷ್‌ನಿಂದ ಉಜ್ಜಿ. ತಲೆಯ ಬುಡದಲ್ಲಿ ಮಣ್ಣು ಉಳಿದರೆ ಸಾಕೆಟ್ (ತಲೆಗೆ ಟೋಪಿಯಂತೆ ಕೂರುವ ಪಾನಾ) ಅರ್ಧವೇ ಕೂರುತ್ತದೆ, ತಲೆ ಸವೆಯೋದು ಅಲ್ಲಿಂದಲೇ. ಒಣಗಿದ ಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ.

ಅಲ್ಲಿ ರಿಂಗ್ ಪಾನಾ ಕೆಲಸಕ್ಕೆ ಬರಲ್ಲ. ಆರು ಮೂಲೆಯ 14ರ ಸಾಕೆಟ್ ತಗೊಳ್ಳಿ, ಹನ್ನೆರಡು ಮೂಲೆಯದು ಬೇಡ, ಅದು ಮೂಲೆಗಳನ್ನಷ್ಟೇ ಹಿಡಿಯುತ್ತದೆ. ಅದಕ್ಕೆ ಎರಡು ಉದ್ದನೆಯ ಎಕ್ಸ್‌ಟೆನ್ಷನ್ ಸರಳು ಜೋಡಿಸಿ ಗೇರ್‌ಬಾಕ್ಸ್ ಪಕ್ಕದಲ್ಲೇ ಹಿಂದಕ್ಕೆ ತನ್ನಿ. ಆಗ ಹ್ಯಾಂಡಲ್ ತಿರುಗಿಸುವ ಜಾಗ ಹಿಂದೆ, ಬಯಲಲ್ಲಿ ಸಿಗುತ್ತದೆ. ಸ್ವಲ್ಪ ವಾರೆ ಬಂದರೆ ನಡುವೆ ಯುನಿವರ್ಸಲ್ ಜಾಯಿಂಟ್ (ಬಾಗುವ ಕೀಲು) ಹಾಕಿ. ಅದು ಜೋಲಾಡುತ್ತದೆ, ಇನ್ಸುಲೇಷನ್ ಟೇಪ್ ಸುತ್ತಿದರೆ ನೆಟ್ಟಗೆ ನಿಲ್ಲುತ್ತದೆ. ಒಂದು ಕೈ ಸಾಕೆಟ್ ಮೇಲೆ ಒತ್ತಿ ಹಿಡಿದಿರಲಿ, ಕಣ್ಣು ಬೇಕಾಗಿಯೇ ಇಲ್ಲ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ತುಕ್ಕು ಒಡೆದಾಗ ಟಣ್ ಅಂತ ಕೈಗೇ ಗೊತ್ತಾಗುತ್ತದೆ.

ರಾಣೆಬೆನ್ನೂರು ರೋಡ್:
ಇಷ್ಟೆಲ್ಲ ಯಾಕೆ? ಗ್ಯಾಸ್ ಟಾರ್ಚ್‌ನಿಂದ ಒಂದು ನಿಮಿಷ ಕಾಯಿಸಿ, ತಾನೇ ಬರುತ್ತದೆ. ನಮ್ಮ ಟ್ರ್ಯಾಕ್ಟರ್‌ಗೆ ಯಾವಾಗಲೂ ಹಾಗೇ ಮಾಡೋದು.

ತಾರಿಹಾಳ ಫಿಟ್ಟರ್:
ಅಣ್ಣಾ, ಟ್ರ್ಯಾಕ್ಟರ್ ಬಯಲಲ್ಲಿ ನಿಂತಿರುತ್ತದೆ, ಎಲ್ಲ ತೆರೆದೇ ಇರುತ್ತದೆ. ಇದು ಓಮ್ನಿ. ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ, ಪೆಟ್ರೋಲ್ ಪೈಪ್ ಅಲ್ಲೇ ಓಡುತ್ತದೆ, ಮೇಲೆ ಸೀಟಿನ ಸ್ಪಂಜು. ಸ್ಪ್ರೇ ಬೇರೆ ಹೊಡೆದಿದ್ದಾರೆ, ಅದೂ ಹತ್ತಿಕೊಳ್ಳುವ ಸಾಮಾನು. ಬೆಂಕಿ ಮಾತು ಇಲ್ಲಿ ಬೇಡ.

ಕೆಲಗೇರಿ ಕೆರೆ ದಂಡೆ:
ಇನ್ನೊಂದು ಮಾತು. ಕೆಳಗೆ ಮಲಗಿದಾಗ ಎಡ ಯಾವುದು, ಬಲ ಯಾವುದು ಅಂತ ತಲೆ ಕೆಡುತ್ತದೆ. ಬೋಲ್ಟ್ ತಲೆಯ ಎದುರು ನಿಂತು ನೋಡಿದ ಹಾಗೆ ನೆನೆಸಿಕೊಳ್ಳಿ, ಗಡಿಯಾರಕ್ಕೆ ಉಲ್ಟಾ ತಿರುಗಿಸಿದರೆ ಸಡಿಲ. ಬಿಚ್ಚುತ್ತಿದ್ದೇನೆ ಅಂತ ಬಿಗಿ ಮಾಡಿ ಕತ್ತರಿಸಿದವರನ್ನು ನಾನು ಕಂಡಿದ್ದೇನೆ.

ಬೆಟಗೇರಿ ಓಮ್ನಿ:
ಬಂತು ರೀ! ಎಕ್ಸ್‌ಟೆನ್ಷನ್ ಪಕ್ಕದ ಮನೆಯವರ ಹತ್ತಿರ ಇತ್ತು, ಆರು ಮೂಲೆಯ ಸಾಕೆಟ್ ಮಾತ್ರ ಕೊಂಡೆ. ಟೇಪ್ ಸುತ್ತಿದ್ದೇ ದೊಡ್ಡ ಉಪಕಾರ. ಸ್ಟಾರ್ಟರ್ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಪೂರ್ತಿ ಸವೆದಿದೆಯಂತೆ, ನಾಳೆ ಕೊಡುತ್ತಾರೆ. ಬೋಲ್ಟ್ ತುಕ್ಕು ತಿಂದಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ದಪ್ಪದ್ದು ಸಿಗುತ್ತದಲ್ವಾ?

ತಾರಿಹಾಳ ಫಿಟ್ಟರ್:
ದಪ್ಪ ಒಂದೇ ಇದ್ದರೆ ಸಾಲದು. ನಿಮ್ಮದು 10 ಎಂಎಂ ಬೋಲ್ಟ್ ಆಗಿದ್ದರೆ ಥ್ರೆಡ್ 1.25ರದ್ದು (ಹಲ್ಲಿನಿಂದ ಹಲ್ಲಿಗೆ 1.25 ಎಂಎಂ ಅಂತರ) ಇರಬಹುದು, ಜಪಾನಿ ಮಾದರಿಯ ಗಾಡಿಗಳಲ್ಲಿ ಅದೇ ಜಾಸ್ತಿ. ಹಾರ್ಡ್‌ವೇರ್‌ನವರು ಸಾಮಾನ್ಯವಾಗಿ ಕೊಡೋದು 1.5ರದ್ದು. ಅದನ್ನು ಜುಲುಮೆಯಿಂದ ತಿರುಗಿಸಿದರೆ ಅಲ್ಯೂಮಿನಿಯಂ ಹೌಸಿಂಗ್‌ನ ಥ್ರೆಡ್ ಹೋಗುತ್ತದೆ, ಆಗ ಗೇರ್‌ಬಾಕ್ಸ್ ಇಳಿಸುವ ಖರ್ಚೂ ಬರಬಹುದು. ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಗೇ ಹೋಗಿ. ಎರಡನ್ನೂ ಪಕ್ಕಪಕ್ಕ ಹಿಡಿದು ಹಲ್ಲಿಗೆ ಹಲ್ಲು ಕೂರುತ್ತದಾ ನೋಡಿ, ತಲೆ ಮೇಲೆ 8.8 ಅಂತ ಗಟ್ಟಿತನದ ಗುರುತು ಇರಲಿ. ಹಾಕುವಾಗ ಥ್ರೆಡ್‌ಗೆ ಸ್ವಲ್ಪ ಕಾಪರ್ ಗ್ರೀಸ್ ಹಚ್ಚಿ. ಮೊದಲ ನಾಲ್ಕೈದು ಸುತ್ತು ಬರೀ ಬೆರಳಿನಿಂದಲೇ ಹೋಗಬೇಕು. ಹೋಗದಿದ್ದರೆ ತೆಗೆದು ಮತ್ತೆ ಕೂರಿಸಿ, ಪಾನಾ ಹಚ್ಚಬೇಡಿ.