ಪದಚರ್ಚೆ: ವಿಮಾನದ ಬಾಲ ‘ಕಟ್’ ಆದರೆ ಕನ್ನಡದಲ್ಲಿ ಏನನ್ನಬೇಕು?

ಬಳಗದ ಎಲ್ಲರಿಗೂ ನಮಸ್ಕಾರ. ಮೂರು ಪದಗಳು ನನ್ನ ತಲೆ ತಿನ್ನುತ್ತಿವೆ.

ಕೊಡಗಿನ ಗೋಣಿಕೊಪ್ಪದ ಹತ್ತಿರ ನಮ್ಮ ಗದ್ದೆ ಇದೆ. ಕೊಯ್ಲು ಮುಗಿದ ಮೇಲೆ ಅಲ್ಲಿ ಬರೀ ಕೂಳೆ. ದೊಡ್ಡಪ್ಪನ ಮಗ ಮತ್ತು ಅವನ ಗೆಳೆಯರು ಅಲ್ಲಿ ರಿಮೋಟ್ ವಿಮಾನಗಳನ್ನು ಹಾರಿಸಿ ಕಾದಾಡಿಸುತ್ತಾರೆ. ಗುಂಡು ಗಿಂಡು ಏನೂ ಇಲ್ಲ. ಪ್ರತಿ ವಿಮಾನದ ಹಿಂದೆ ಕ್ರೇಪ್ ಕಾಗದದ ಉದ್ದ ಪಟ್ಟಿ ಕಟ್ಟಿರುತ್ತದೆ, ಸ್ಕೂಲ್ ಡೇಗೆ ಸ್ಟೇಜ್ ಸಿಂಗರಿಸ್ತಾರಲ್ಲ, ಅದೇ ಕಾಗದ. ಎದುರಾಳಿಯ ಪಟ್ಟಿಯನ್ನು ನಮ್ಮ ವಿಮಾನದ ಪ್ರೊಪೆಲ್ಲರ್‌ನಿಂದಲೋ ರೆಕ್ಕೆಯಿಂದಲೋ ಕತ್ತರಿಸಬೇಕು. ಯುರೋಪಿನಲ್ಲಿ ಇದಕ್ಕೆ ಭಾರೀ ಶಿಸ್ತು: ಎರಡನೇ ಮಹಾಯುದ್ಧದ ವಿಮಾನದ 12ನೇ ಒಂದು ಪಾಲು ಅಳತೆಯ ಮಾದರಿ, 12 ಮೀಟರ್ ಪಟ್ಟಿ, 7 ನಿಮಿಷದ ಸುತ್ತು, ಪ್ರತಿ ಕಟ್‌ಗೆ 100 ಪಾಯಿಂಟ್. ನಮ್ಮ ಹುಡುಗರದ್ದು ಬೋರ್ಡ್ ಮಾಡುವ ಸನ್‌ಪ್ಯಾಕ್ ಶೀಟು, ಗ್ಲೂ ಗನ್ನು, ಧೈರ್ಯ ಅಷ್ಟೇ.

ಈ ಸಲ ನೋಡಲು ಊರವರೂ ಬರುತ್ತಾರಂತೆ. ಒಂದು ಪುಟದಲ್ಲಿ ನಿಯಮ ಬರೆದುಕೊಡು, ಮೈಕೂ ನೀನೇ ಹಿಡಿ ಅಂದರು. ಶುರುವಾಯಿತು ಫಜೀತಿ.

ಮೊದಲು ತಲೆಬರಹ. ‘ವಿಮಾನ ಕಾಳಗ’ ಅಂತ ಬರೆದು ದೊಡ್ಡಪ್ಪನಿಗೆ ತೋರಿಸಿದೆ. ಅವರು ಸೇನೆಯಲ್ಲಿದ್ದವರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ‘ಕಾಳಗ ಅಂದ್ರೆ ಅಜ್ಜಮಾಡ ದೇವಯ್ಯನವರು ಮಾಡಿದ್ದು. ಇದು ಆಟ ಮಗಾ’ ಅಂದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯ ಹೊತ್ತಿನಲ್ಲಿ ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದ ನಮ್ಮ ವಾಯುಪಡೆಯ ದೇವಯ್ಯನವರು ತಮಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನಕ್ಕೆ ಎದುರು ನಿಂತು ಅದನ್ನು ಕೆಡವಿದರು, ತಾವೂ ಮರಳಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಆ ಪದವನ್ನು ಕಾಗದದ ಪಟ್ಟಿಗೆ ಅಂಟಿಸಲು ನನಗೂ ಮನಸ್ಸು ಬರಲಿಲ್ಲ. ಹೊಡೆದು ಹಾಕಿದೆ.

ಆಮೇಲೆ ಹೊಳೆದದ್ದು ‘ಅಂಕ’. ಕೋಳಿ ಕಾದಾಟಕ್ಕೆ ಕೋಳಿ ಅಂಕ ಅಂತೀವಲ್ಲ, ಹಾಗೇ ‘ವಿಮಾನ ಅಂಕ’. ಹಳಗನ್ನಡದಲ್ಲೂ ಅಂಕ ಅಂದರೆ ಕಾದಾಟ, ಅಂಕಕಾರ ಅಂದರೆ ಕಾದಾಡುವ ವೀರ. ಪದ ಚೆನ್ನಾಗಿದೆ, ನನಗಂತೂ ತುಂಬಾ ಹಿಡಿಸಿತು. ಆದರೆ ಮುಂದಿನ ಸಾಲಲ್ಲೇ ಸಿಕ್ಕಿಬಿದ್ದೆ: ‘ಅಂಕದಲ್ಲಿ ಪಟ್ಟಿ ಕತ್ತರಿಸಿದವರಿಗೆ 100 ಅಂಕ.’ ಪಾಯಿಂಟ್ ಅಂತ ಬರೆದು ತಪ್ಪಿಸಿಕೊಳ್ಳಬಹುದು. ಆದರೂ ಕೋಳಿ ಅಂಕ ಅಂದರೆ ಬಾಜಿ, ಪೊಲೀಸು ನೆನಪಾಗುತ್ತೆ. ಹುಡುಗರ ಅಮ್ಮಂದಿರು ಒಪ್ಪುತ್ತಾರಾ?

ಎರಡನೆಯದು ಆ ಪಟ್ಟಿ. ಹುಡುಗರು ಸ್ಟ್ರೀಮರ್ ಅಂತಾರೆ. ನಾನು ‘ಬಾಲಂಗೋಚಿ’ ಅಂತ ಬರೆದಿದ್ದೇನೆ. ಒಬ್ಬನ ತಕರಾರು ಹೀಗಿದೆ: ಗಾಳಿಪಟದ ಬಾಲಂಗೋಚಿ ಪಟ ಗಿರಕಿ ಹೊಡೆಯದಂತೆ ಹಿಡಿದಿಡುತ್ತೆ, ಇದು ಸುಮ್ನೆ ಹಿಂದಕ್ಕೆ ಎಳೆಯುತ್ತೆ, ಅಂದಮೇಲೆ ಒಂದೇ ಪದ ಹೇಗೆ? ನನ್ನ ಪ್ರಕಾರ ಪದ ಹುಟ್ಟಿದ್ದು ನೋಟದಿಂದ, ಕೆಲಸದಿಂದಲ್ಲ. ಯಾರದೋ ಹಿಂದೆ ಸುತ್ತುವವನನ್ನೂ ಬಾಲಂಗೋಚಿ ಅಂತೀವಿ, ಅವನೇನು ಯಾರ ತೂಕ ಕಾಯುತ್ತಾನಾ? ಇದನ್ನು ಉಳಿಸಿಕೊಳ್ಳುತ್ತೇನೆ, ಬೇಡ ಅನ್ನುವವರು ಕಾರಣ ಕೊಡಿ.

ನಿಜವಾದ ಕಷ್ಟ ಮೂರನೆಯದು, ‘ಕಟ್’. ಹೋದ ವಾರ ಸುಮ್ನೆ ಆಡಿ ನೋಡುತ್ತಿದ್ದಾಗ ನಾನು ಮೈಕಲ್ಲಿ, ‘ಹಳದಿ ವಿಮಾನದ್ದು ಇನ್ನೂ ಕಟ್ಟಾಗಿಲ್ಲ’ ಅಂದೆ. ಬದುವಿನ ಮೇಲೆ ಕೂತಿದ್ದ ಅಜ್ಜ ಒಬ್ಬರು, ‘ಕಟ್ಟದೇ ಯಾಕೆ ಬಿಟ್ರಿ?’ ಅಂತ ಕೇಳಿದರು. ಎಲ್ಲರೂ ನಕ್ಕೆವು. ಆದರೆ ಅವರದ್ದು ತಪ್ಪಲ್ಲ, ಅಲ್ವಾ? ಕನ್ನಡದ ಕಿವಿಗೆ ‘ಕಟ್ಟು’ ಅಂದರೆ ಗಂಟು ಹಾಕೋದು, ನಾವು ಹೇಳುತ್ತಿದ್ದದ್ದು ಅದರ ತೀರಾ ಉಲ್ಟಾ.

‘ತುಂಡಾಯ್ತು’ ಅಂದು ನೋಡಿದೆ. ವಿಮಾನವೇ ಮುರಿಯಿತು ಅಂದುಕೊಂಡು ಮಕ್ಕಳು ಗದ್ದೆಗೆ ಓಡಿದವು. ‘ಹರೀತು’ ಅಂದರೆ ಕಾಗದ ತಾನಾಗೇ ಹರಿದ ಹಾಗೆ, ಹೊಡೆದವನಿಗೆ ಪಾಲಿಲ್ಲ. ಈಗ ಕೈಯಲ್ಲಿರುವುದು ‘ಕತ್ತರಿ ಬಿತ್ತು!’ ಮೈಕಲ್ಲಿ ಕೂಗಲು ಚೆನ್ನಾಗಿದೆ, ಬೇರೆ ಅರ್ಥ ಹೊಳೆಯುವುದಿಲ್ಲ. ಒಂದೇ ಅನುಮಾನ, ಪೇಪರಿನಲ್ಲಿ ಸಂಬಳಕ್ಕೆ, ಅನುದಾನಕ್ಕೆ ಕತ್ತರಿ ಬಿದ್ದೂ ಬಿದ್ದೂ ಆ ಮಾತು ಸೊರಗಿದೆಯೇನೋ.

ನಮ್ಮಲ್ಲಿ ಗಾಳಿಪಟದ ಹುಚ್ಚು ಕಡಿಮೆ. ಎಲ್ಲಿ ನೋಡಿದರೂ ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಪಟ ಹಾರಿಸಿದರೆ ಮರದ ಪಾಲು. ಹಾಗಾಗಿ ಬಯಲುಸೀಮೆಯವರನ್ನು ಕೇಳುತ್ತಿದ್ದೇನೆ. ಚಿಕ್ಕಂದಿನಲ್ಲಿ ಇನ್ನೊಬ್ಬನ ಪಟದ ದಾರ ಕೊಯ್ದಾಗ ಮೇಲೆ ನೋಡಿಕೊಂಡು ಏನಂತ ಕೂಗುತ್ತಿದ್ದಿರಿ? ನಿಘಂಟಿನ ಪದ ಬೇಡ, ಬಾಯಲ್ಲಿ ಬರುತ್ತಿದ್ದ ಪದ ಬೇಕು. ನಿಯಮದ ಹಾಳೆ ಶನಿವಾರ ಸಂಜೆ ಜೆರಾಕ್ಸ್‌ಗೆ ಹೋಗುತ್ತೆ. ಅಷ್ಟರೊಳಗೆ ಏನೂ ಸಿಗದಿದ್ದರೆ ‘ಕತ್ತರಿ ಬಿತ್ತು’ ಅಂತಲೇ ಇರುತ್ತೆ.