ಸಹಾಯ ಬೇಕು: ಗಂಗೋತ್ರಿ ಹಿಮನದಿಯ ಮಾದರಿಯಲ್ಲಿ ಮೂತಿ (ಕೆಳತುದಿ) ತೀರಾ ಬೇಗ ಹಿಂದೆ ಸರಿಯುತ್ತಿದೆ

ಸುಮಾರು 30 ಕಿ.ಮೀ. ಉದ್ದದ ಗಂಗೋತ್ರಿ ಹಿಮನದಿಗೆ ಪೈಥಾನ್‌ನಲ್ಲಿ ಒಂದೇ ಹರಿವುರೇಖೆಯ (ಹರಿವಿನ ಒಂದು ಗೆರೆಯುದ್ದಕ್ಕೆ ಮಾತ್ರ ಲೆಕ್ಕ ಹಾಕುವ) ಮಾದರಿ ಬರೆದಿದ್ದೇವೆ: ಗ್ಲೆನ್ ನಿಯಮ (ಒತ್ತಡಕ್ಕೆ ತಕ್ಕಂತೆ ಮಂಜುಗಡ್ಡೆ ಎಷ್ಟು ಬೇಗ ಹರಿಯುತ್ತದೆ ಎಂಬ ಸೂತ್ರ), ಘಾತ 3, ಗ್ರಿಡ್ ಅಂತರ 100 ಮೀ. ಟೈಮ್‌ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಅವಧಿ) 0.02 ವರ್ಷ ಇಟ್ಟಾಗ 400 ಮೀ. ದಪ್ಪವಿರುವ ಕಡೆ ಮೇಲ್ಮೈ ಗರಗಸದ ಹಲ್ಲಿನಂತಾಯಿತು. ವಿಸರಣ ಗುಣಾಂಕ (ಮಂಜುಗಡ್ಡೆ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ) ದಪ್ಪದ 5ನೇ ಘಾತದಂತೆ ಏರುತ್ತದಲ್ಲ, ಅದು ಏರಿದಷ್ಟೂ ಟೈಮ್‌ಸ್ಟೆಪ್ ಚಿಕ್ಕದಿರಬೇಕು, ಅದಕ್ಕೇ. 0.002ಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಈಗಿನ ತೊಡಕು ಮೂತಿ ಇರುವ ಗೋಮುಖದ ಹತ್ತಿರ. ಅಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲುಮಣ್ಣಿನ ಹೊದಿಕೆ ಇದೆ. ತೆಳುವಾಗಿದ್ದರೆ ಕರಗುವುದು ಹೆಚ್ಚು, ದಪ್ಪವಾಗಿದ್ದರೆ ಕಡಿಮೆ. ನಮ್ಮ ಡಿಗ್ರಿ-ದಿನ ಲೆಕ್ಕ (ದಿನದ ತಾಪಮಾನದಿಂದ ಕರಗುವಿಕೆ ಅಂದಾಜಿಸುವುದು) ಎಲ್ಲವನ್ನೂ ಬರಿಯ ಮಂಜುಗಡ್ಡೆ ಎಂದೇ ಎಣಿಸುತ್ತದೆ, ಹಾಗಾಗಿ ಮೂತಿ ಬೇಗ ಹಿಂದೆ ಸರಿಯುತ್ತದೆ. ಇಡೀ ಕೆಳಭಾಗಕ್ಕೆ ಕರಗುವಿಕೆ ತಗ್ಗಿಸುವ ಒಂದೇ ಗುಣಕ ಹಾಕಿದರೆ ಮೂತಿಯೇನೋ ನಿಲ್ಲುತ್ತದೆ, ದಪ್ಪ ಮಾತ್ರ ತಪ್ಪಾಗುತ್ತದೆ (ಅಡ್ಡದಾರಿಗೆ ತಕ್ಕ ಫಲ!). ಎತ್ತರಕ್ಕೆ ತಕ್ಕಂತೆ ಗುಣಕ ಬದಲಿಸಿದರೆ ಸಾಕೇ, ಅಥವಾ ಹೊದಿಕೆಯನ್ನೂ ಹರಿವಿನ ಜೊತೆ ಸಾಗಿಸಲೇಬೇಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.